ಹೊಂಬಾಳಮ್ಮನ ರಬ್ಬರು ಬೆರಳುಗಳು

ನಾನು ಕೋಳಿಯ ಪುಕ್ಕ ಕೀಳುವ ಒಂದು ಯಂತ್ರ. ನನ್ನನ್ನು ಹೆತ್ತದ್ದು ಯಾವ ಕಾರ್ಖಾನೆಯೂ ಅಲ್ಲ. ಮದ್ದೂರಿನ ಕಡೆಯ ಒಂದು ಸಣ್ಣ ಪೇಟೆಯಲ್ಲಿ, ಸುಟ್ಟುಹೋದ ಮೋಟಾರುಗಳಿಗೆ ತಂತಿ ಸುತ್ತುವ ನಿಂಗರಾಜುವಿನ ಅಂಗಡಿಯ ನೆಲದ ಮೇಲೆ ನಾನು ಹುಟ್ಟಿದೆ. ನನಗೆ ಹಿಂದಿನ ಜನ್ಮಗಳ ನೆನಪಿದೆ. ನನ್ನ ಮೈ ನೀಲಿ ಡ್ರಮ್ಮಾಗಿದ್ದಾಗ ಯಾರ್ಯಾರದೋ ಮದುವೆಮನೆಯ ನೀರು ತುಂಬಿಕೊಂಡು ನಿಂತಿತ್ತು. ನನ್ನ ಹೊಟ್ಟೆಯಡಿಯ ಮೋಟಾರು ಒಂದು ಹೋಟೆಲಿನಲ್ಲಿ ದೋಸೆಹಿಟ್ಟು ರುಬ್ಬಿತ್ತು. ನನ್ನ ರಬ್ಬರು ಬೆರಳುಗಳಂತೂ ಲಾರಿಯ ಟೈರಾಗಿ ಯಾವ ಯಾವ ಊರು ಸುತ್ತಿದ್ದವೋ. ಇವೆಲ್ಲ ಒಂದೇ ದೇಹವಾಗಿ, ನಿಂಗರಾಜು ಸ್ವಿಚ್ಚು ಒತ್ತಿದಾಗ, ಏನೋ ಗುರ್ರೆಂದು ತಿರುಗಿತು. ತಿರುಗುತ್ತಿರುವುದು ನಾನೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ನನ್ನ ಒಳಗೆಲ್ಲ ಬೆರಳೇ. ಡ್ರಮ್ಮಿನ ಗೋಡೆಯಲ್ಲಿ ಬೆರಳು, ತಿರುಗುವ ತಳದ ತಟ್ಟೆಯಲ್ಲೂ ಬೆರಳು. ಬಿಸಿನೀರಲ್ಲಿ ಅದ್ದಿದ ಕೋಳಿಯನ್ನು ಒಳಗೆ ಹಾಕಿದರೆ ಅವೆಲ್ಲ ಸೇರಿ ಉಜ್ಜುತ್ತವೆ. ಪುಕ್ಕ ತಟ್ಟೆಯ ಸಂದಿಯಿಂದ ಕೆಳಗೆ ಬೀಳುತ್ತದೆ. ಇಷ್ಟೊಂದು ಬೆರಳು ಯಾರಿಗೆ ಬೇಕಿತ್ತೆಂದರೆ, ಬೆರಳು ಮಡಿಸಲಾರದ ಒಬ್ಬ ಹೆಂಗಸಿಗೆ.

ಅವಳು ಹೊಂಬಾಳಮ್ಮ, ನಿಂಗರಾಜುವಿನ ಅತ್ತಿಗೆ. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನಾಟಿಕೋಳಿ ಅಂಗಡಿ ಇಟ್ಟವಳು. ಬ್ರಾಯ್ಲರ್ ಕೋಳಿಯ ಪುಕ್ಕವನ್ನು ಚರ್ಮದ ಸಮೇತ ಸುಲಿದುಕೊಡುತ್ತಾರೆ. ನಾಟಿಕೋಳಿಗೆ ಅದು ಸಲ್ಲದು. ಪುಕ್ಕ ಮಾತ್ರ ಕಿತ್ತು, ಅರಿಶಿನ ಬಳಿದು, ಬೆಂಕಿಯಲ್ಲಿ ಸುಟ್ಟು, ತೊಗಲಿನ ಸಮೇತ ಬೇಯಿಸಬೇಕು. ತೊಗಲು ಹರಿದ ನಾಟಿಕೋಳಿಯನ್ನು ಅಲ್ಲಿ ಯಾರೂ ಮನೆಗೆ ಒಯ್ಯುವುದಿಲ್ಲ. ಜೀವಮಾನವೆಲ್ಲ ಕುದಿಯುವ ನೀರಲ್ಲಿ ಆಡಿದ ಅವಳ ಕೈಗಳ ಗಂಟುಗಳು ಊದಿ, ಮರಗಟ್ಟಿದ್ದವು. ಈ ವರ್ಷತೊಡಕು ದಾಟಿಸಲಾಗದಿದ್ದರೆ ಅಂಗಡಿಯನ್ನು ಪಕ್ಕದ ಬ್ರಾಯ್ಲರಿನವನಿಗೆ ಬಿಟ್ಟುಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಯುಗಾದಿಯ ಮರುದಿನದ ಆ ಹಬ್ಬಕ್ಕೆ ಬಾಡೂಟವಿಲ್ಲದೆ ಆಗದು. ಊರೇ ಬಂದು ಅವಳ ಬಾಗಿಲಲ್ಲಿ ನಿಲ್ಲುತ್ತಿತ್ತು.

ಹಬ್ಬದ ಹಿಂದಿನ ಸಂಜೆ ನನ್ನನ್ನು ತಂದು ಇಳಿಸಿದಾಗ ಅವಳು ಬಗ್ಗಿ ನನ್ನೊಳಗೆ ನೋಡಿದಳು.

"ಅಲ್ಲ ಕನಪ್ಪ ಮೈದ, ಕೋಳಿ ಕೀಳಕೆ ರಾಕ್ಷಸನ್ನೇ ಕಟ್ಕಬಂದಿದ್ದೀಯಲ್ಲ."

"ರಾಕ್ಷಸನೇ ಅತ್ಗೆ. ಆದ್ರೆ ಸ್ವಿಚ್ ಒತ್ತುದ್ರೆ ಕುಣೀತನೆ, ಬುಟ್ರೆ ಸುಮ್ಕಾಯ್ತನೆ. ನಮ್ಮಣ್ಣನಂಗಲ್ಲ."

ತಕ್ಕಡಿಯ ಮುಂದಿದ್ದ ಅಣ್ಣ ಕೇಳಿಸದವನಂತೆ ತೂಕದ ಕಲ್ಲು ಒರೆಸುತ್ತಿದ್ದ.

ಬೆಳಗ್ಗೆ ಹಂಡೆಯ ನೀರು ಕೊತಕೊತ ಕುದಿಯಿತು. ಮೊದಲ ಕೋಳಿ ನನ್ನೊಳಗೆ ಬಿತ್ತು. ನಾನು ಹುರುಪಿನಿಂದ ಉಜ್ಜಿದೆ. ಪುಕ್ಕದ ಜೊತೆ ತೊಗಲೂ ಚಿಂದಿಯಾಗಿ ಬಂತು. ಬೆರಳು ಗಡುಸಾಯಿತೆಂದು ನಿಂಗರಾಜು ಅವುಗಳ ತುದಿ ಕತ್ತರಿಸಿದ. ಎರಡನೆಯದೂ ಹರಿಯಿತು. ಪುಲ್ಲಿ ಬದಲಿಸಿ ವೇಗ ತಗ್ಗಿಸಿದ. ಮೂರನೆಯದರ ಎದೆಯೇ ಬರಿದಾಯಿತು. ಸಾಲಿನ ಮುಂದಿದ್ದ ಒಬ್ಬ ಹಿರಿಯರು ಅದನ್ನು ಎತ್ತಿ ನೋಡಿದರು.

"ಇದ್ರಲ್ಲಿ ಏನ್ ಸುಡ್ಲವ್ವ ಹೊಂಬಾಳ? ತೊಗ್ಲೇ ಇಲ್ವಲ್ಲ."

ಸಾಲಿನ ಬಾಲ ಕರಗತೊಡಗಿತು. ನಿಂಗರಾಜು ಸ್ಪ್ಯಾನರ್ ಹಿಡಿದು ನೆಲ ನೋಡುತ್ತಿದ್ದ. ಹೊಂಬಾಳಮ್ಮ ಹಂಡೆಯ ಮೇಲೇಳುತ್ತಿದ್ದ ಹಬೆಯನ್ನೇ ನೋಡುತ್ತ ನಿಂತಿದ್ದಳು.

"ಬೆರಳ್ ಸರಿಯಾಗೇ ಅವೆ, ಬುಡು," ಎಂದಳು. "ನಾನ್ ಕೀಳುವಾಗ ತೊಗ್ಲು ಬುಟ್ಕತದೆ ಅಂತ ನನ್ ಬೆರಳ್ಗೆ ಗೊತ್ತಾಯ್ತಿತ್ತು, ಅಲ್ಲಿ ಮೆತ್ತಗೆ ಹೋಯ್ತಿತ್ತು. ಇದ್ಕೆಲ್ಲಿ ಗೊತ್ತಾದದು? ನೀರೇ ಹದವಾಗಿರ್ಬೇಕು."

ಆ ಬೀದಿಯ ಬಾಣಂತಿಯರಿಗೆಲ್ಲ ನೀರು ಹಾಕಿದವಳು ಅವಳೇ. ತಣ್ಣೀರನ್ನು ಬಿಂದಿಗೆ ಬಿಂದಿಗೆಯಾಗಿ ಹಂಡೆಗೆ ಸುರಿಸಿದಳು, ಸೀರೆಯ ಸೆರಗು ಸಿಕ್ಕಿಸಿ ಮೊಣಕೈ ತಗುಲಿಸಿದಳು, ಥಟ್ಟನೆ ತೆಗೆದಳು. ಇನ್ನೊಂದು ಬಿಂದಿಗೆ. ಮತ್ತೆ ಮೊಣಕೈ. ಬಾಣಂತಿಯ ನೀರಿಗಿಂತ ಒಂದಿಷ್ಟು ಹೆಚ್ಚು ಬಿಸಿ ಇರುವಾಗ ಸಾಕೆಂದಳು. ಕೋಳಿಯನ್ನು ನಿಂಗರಾಜುವಿನ ಕೈಯಲ್ಲಿ ಅದ್ದಿಸಿ ಹಿಡಿಸಿ, ರೆಕ್ಕೆಯ ಒಂದು ಗರಿ ಎಳೆದ ಕೂಡಲೇ ಬರುವ ತನಕ ಕಾದಳು. ಆಮೇಲೆ ನನಗೆ ಕೊಡಿಸಿದಳು.

ಆ ಕ್ಷಣವನ್ನು ಹೇಗೆ ಹೇಳಲಿ? ಪುಕ್ಕ ತಾನಾಗಿಯೇ ಹೊರಡಲು ಸಿದ್ಧವಾಗಿದ್ದಂತೆ ಇತ್ತು. ನಾನು ಕೀಳಲಿಲ್ಲ, ಬೀಳ್ಕೊಟ್ಟೆ. ಕೆಂಪು, ಕಪ್ಪು, ಬಂಗಾರದ ಗರಿಗಳು ಸಂದಿಯಿಂದ ಹೊಳೆಯಂತೆ ಹರಿದವು. ತಟ್ಟೆ ನಿಂತಾಗ ನನ್ನ ಮಡಿಲಲ್ಲಿ ತಿಳಿಹಳದಿಯ ಇಡೀ ಮೈ ಮಲಗಿತ್ತು. ಹಿರಿಯರು ಅದರ ಮೇಲೆ ಹೆಬ್ಬೆರಳು ಆಡಿಸಿದರು. ಚೀಲ ಬಿಚ್ಚಿದರು. ಸಾಲು ಮತ್ತೆ ಬೆಳೆಯಿತು.

ಅಂದು ಸಂಜೆಯ ತನಕ ಹೊಂಬಾಳಮ್ಮನದು ನೀರಿನ ಹದ ನೋಡುವ ಕೆಲಸ ಮಾತ್ರ. ನಡುನಡುವೆ ತನ್ನ ಎರಡು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕೆಲಸ ಹೇಳಬಾರದ ನೆಂಟರ ಮಕ್ಕಳನ್ನು ನೋಡುವಂತೆ ನೋಡುತ್ತಿದ್ದಳು. ಅವು ವಾಸಿಯಾಗಲಿಲ್ಲ, ಅಂಗಡಿ ಮಾತ್ರ ಉಳಿಯಿತು.

ಆಮೇಲೆ ನಾನು ಲಗೇಜ್ ಆಟೋ ಹತ್ತಿ ಬೀಗರೂಟಗಳಿಗೆ ಹೋದೆ. ಶಾಮಿಯಾನದ ಹಿಂದೆ ಹೆಂಗಸರು ಮಕ್ಕಳು ನನ್ನ ಸುತ್ತ ಬಾಯಿ ಬಿಟ್ಟು ನಿಲ್ಲುತ್ತಿದ್ದರು. ಕಾಲ ಸರಿಯಿತು. ಅಂಗಡಿ ಸೊಸೆ ತೇಜಾವತಿಯ ಕೈಗೆ ಬಂತು. ಅವಳು ಚೆನ್ನಾಗಿಯೇ ನೋಡಿಕೊಂಡಳು. ಆದರೂ ನನ್ನ ಬೆರಳು ಬಿರಿದವು, ಮೋಟಾರು ಸುಟ್ಟಿತು, ಥಳಥಳಿಸುವ ಸ್ಟೀಲಿನ ಯಂತ್ರ ಬಂತು. ನನ್ನನ್ನು ಹಿತ್ತಿಲಿನ ನುಗ್ಗೆಮರದ ಕೆಳಗಿಟ್ಟರು.

ಒಂದು ದಿನ ಬೂದು ಬಣ್ಣದ ಹೇಂಟೆಯೊಂದು ನನ್ನೊಳಗೆ ಇಳಿದು ಮೊಟ್ಟೆಯಿಟ್ಟು, ಕಾವಿಗೆ ಕೂತಿತು. ಗುಜರಿಯವನು ಬಂದಾಗ ತೇಜಾವತಿ ನನ್ನನ್ನು ತೋರಿಸಿದಳು. ಹೊಂಬಾಳಮ್ಮ ಅಡ್ಡ ನಿಂತಳು.

"ಕಾವಿಗೆ ಕೂತಿರದ್ನ ಎಬ್ಬಿಸ್ಬಾರ್ದು ಕನವ್ವ. ಮರಿ ಆಗ್ಲಿ."

ಪುಕ್ಕ ಇಷ್ಟು ಬೆಚ್ಚಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ಬಲ್ಲದ್ದು ಒದ್ದೆ ಪುಕ್ಕವನ್ನು ಮಾತ್ರ, ಅದೂ ಮೈ ಬಿಟ್ಟು ಹೊರಟದ್ದನ್ನು. ಬದುಕೆಲ್ಲ ಕೈಯಲ್ಲಿ ಹಾಯ್ದುಹೋದದ್ದು ಏನೆಂದು ಈಗ ತಿಳಿಯುತ್ತಿದೆ.

ಮುಂಜಾನೆಯ ಚಳಿಗೆ ಗಂಟುಗಳು ನೋಯುವಾಗ ಹೊಂಬಾಳಮ್ಮ ಬಂದು ಹೇಂಟೆಯ ಹೊಟ್ಟೆಯಡಿಗೆ ಎರಡೂ ಕೈ ಮೆಲ್ಲಗೆ ತೂರಿಸುತ್ತಾಳೆ. ಅದು ಅವಳನ್ನು ಕುಕ್ಕುವುದಿಲ್ಲ. ಅಲ್ಲಿ ಅವಳ ಬೆರಳು, ಪಕ್ಕದಲ್ಲಿ ನನ್ನ ಬೆರಳು. ಈ ಬೆಳಗ್ಗೆ ಒಂದು ಮೊಟ್ಟೆಯೊಳಗಿನಿಂದ ಯಾರೋ ತಟ್ಟಿದರು. ನಾವಿಬ್ಬರೂ ಅಲುಗಾಡಲಿಲ್ಲ.