ವೀಸಲ್‌ಗೆ ಲೆಕ್ಕಕ್ಕಿಲ್ಲದ ಬೀಗ

ಕದ್ದವನು ತೌನೋನೇ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ನನ್ನ ಬುದ್ಧಿಯೇ ಹಾಗೆ. ಒಂದು ಸಲ ಅನುಮಾನ ಹೊಕ್ಕಿತೆಂದರೆ ದಿನಾ ಉಣ್ಣಿಸಿ ಬೆಳೆಸುತ್ತೇನೆ.

ಒಂಟಾರಿಯೋದ ಉತ್ತರದ ಕಾಡಿನಲ್ಲಿ ನಾವಿಬ್ಬರೂ ಇಪ್ಪತ್ತು ವರ್ಷದಿಂದ ಅಕ್ಕಪಕ್ಕದಲ್ಲೇ ಬೋನಿಟ್ಟು ತುಪ್ಪಳದ ಪ್ರಾಣಿ ಹಿಡಿಯುವವರು. ಬೋನಿನ ಸಾಲಿನ ನಡುದಾರಿಯಲ್ಲಿದ್ದ ನನ್ನ ಮರದ ಗುಡಿಸಲಿಗೆ ಬಾಗಿಲಿತ್ತು, ಬೀಗವಿರಲಿಲ್ಲ. ನಮ್ಮಲ್ಲಿ ಯಾರೂ ಹಾಕುವುದಿಲ್ಲ. ಹಿಮದಲ್ಲಿ ಸಿಕ್ಕಿಬಿದ್ದವರು ಯಾರಾದರೂ ಬರಲಿ, ಒಲೆ ಹಚ್ಚಲಿ, ಹೋಗುವಾಗ ಸೌದೆ ಸೀಳಿಟ್ಟು ಹೋಗಲಿ. ಅಷ್ಟೇ ಕಟ್ಟಳೆ.

ಆ ಡಿಸೆಂಬರಿನಲ್ಲಿ ತಂತಿಗೆ ನೇತುಹಾಕಿದ್ದ ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಒಣಮಾಂಸ ಕರಗುತ್ತಾ ಬಂತು. ಒಂದು ವಾರ ನಾಲ್ಕು ಪಟ್ಟಿ, ಮರುವಾರ ಆರು. ಸುತ್ತ ಹಿಮದ ಮೇಲೆ ಯಾವ ಪ್ರಾಣಿಯ ಹೆಜ್ಜೆಯೂ ಇಲ್ಲ. ಇದ್ದದ್ದು ತೌನೋ ಹಿಮದ ಮೇಲೆ ಜಾರಿಬರುವ ಸ್ಕೀ ಹಲಗೆಗಳ ಗುರುತು, ನೆಟ್ಟಗೆ ಬಾಗಿಲ ತನಕ. ಸೌದೆ ಮಾತ್ರ ಚೆಂದ ಸೀಳಿಟ್ಟಿದ್ದ. ಓಹೋ, ಮುಚ್ಚಿಹಾಕೋಕೆ ನಾಟಕ ಬೇರೆ, ಅಂದುಕೊಂಡೆ. ಊರಿನ ಕಾಫಿ ಅಂಗಡಿಯಲ್ಲಿ ಸಿಕ್ಕಾಗ ಅವನ ಕೆನ್ನೆ ತುಂಬಿಕೊಂಡಂತೆ ಕಂಡಿತು. ಬಾಯಿಬಿಟ್ಟು ಕೇಳಲಿಲ್ಲ. ಮರುದಿನ ಹೋಗಿ ಬೀಗ ಜಡಿದು ಬಂದೆ.

ಒಂಬತ್ತನೇ ದಿನ ಮಧ್ಯಾಹ್ನ ಹೋದರೆ ಹೊಸ್ತಿಲ ಮೇಲೆ ತೌನೋನ ಕೈಗವಸು, ಕಲ್ಲಿನ ಹಾಗೆ ಹೆಪ್ಪುಗಟ್ಟಿತ್ತು. ನದಿ ಕಡೆಯಿಂದ ಬಂದ ಸ್ಕೀ ಗುರುತು ಬಾಗಿಲ ಮುಂದೆ ತುಸು ಸುತ್ತಾಡಿ ಅವನ ಗುಡಿಸಲಿನತ್ತ ತಿರುಗಿತ್ತು. ಬೀಗ ತೆಗೆದೆ. ಒಳಗೆ ಪುಟ್ಟ ಮುಂಗುಸಿಯಂಥ ಬೆಳ್ಳಗಿನ ವೀಸಲ್ ಒಂದು, ಬಾಲದ ತುದಿಯಷ್ಟೇ ಕಪ್ಪು, ತಂತಿಯಿಂದ ಮಾಂಸ ಎಳೆಯುತ್ತಿತ್ತು. ನನ್ನನ್ನು ಕಂಡರೂ ಪಟ್ಟಿ ಬಿಡಲಿಲ್ಲ, ಕಚ್ಚಿಕೊಂಡೇ ನೆಲದ ಹಲಗೆಯ ಹೆಬ್ಬೆರಳಗಲದ ತೂತಿನೊಳಗೆ ಇಳಿಯಿತು. ಹಲಗೆ ಕಿತ್ತೆ. ಕೆಳಗೆ ಕಳುವಾದ ಒಣಮಾಂಸವೆಲ್ಲ ಇತ್ತು. ಪಕ್ಕದಲ್ಲಿ ಕುತ್ತಿಗೆ ಕಚ್ಚಿ ಕೊಂದ ಇಪ್ಪತ್ತು ಮೂವತ್ತು ಇಲಿ, ಒಪ್ಪವಾಗಿ ಜೋಡಿಸಿಟ್ಟಿತ್ತು. ತಿನ್ನುವುದಕ್ಕಿಂತ ಕೂಡಿಡುವುದೇ ಹೆಚ್ಚು ಅದಕ್ಕೆ. ಹಿಮದ ಕೆಳಗೇ ಸುರಂಗ ಮಾಡಿಕೊಂಡು ಓಡಾಡುವ ಪ್ರಾಣಿಯ ಹೆಜ್ಜೆ ಮೇಲೆ ಎಲ್ಲಿಂದ ಬರಬೇಕು? ಇಷ್ಟು ವರ್ಷ ಕಾಡಲ್ಲಿದ್ದು ನನಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತೌನೋನೇ ಕಳ್ಳನಾಗಬೇಕಿತ್ತು ನನಗೆ.

ಅವನ ಗುಡಿಸಲಿಗೆ ಓಡಿದೆ. ಒಲೆ ಮುಂದೆ ಕೂತಿದ್ದ. ಬಲಗೈಯ ಮೂರು ಬೆರಳು ಚಳಿಗೆ ಮರಗಟ್ಟಿ ಕಪ್ಪಗಾಗಿದ್ದವು. ಹಿಂದಿನ ದಿನ ನದಿ ಮೇಲಿನ ಐಸ್ ಒಡೆದು ಎದೆಮಟ್ಟ ಮುಳುಗಿದ್ದನಂತೆ. ನನ್ನ ಗುಡಿಸಲೇ ಹತ್ತಿರ ಅಂತ ಅಲ್ಲಿಗೆ ಬಂದು, ಅಲ್ಲಿಂದ ಮತ್ತೆ ಮೂರು ಮೈಲಿ ಒದ್ದೆ ಬಟ್ಟೆಯಲ್ಲೇ ಬಂದಿದ್ದ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕೊಡಲಿ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ನೋಡಿ ನನಗೆ ಅಳುವೂ ಬಂತು, ಸಿಟ್ಟೂ ಬಂತು.

"ಕೊಡಲಿ ಇತ್ತಲ್ಲೋ, ಒಡ್ದು ಒಳಗೆ ಹೋಗೋಕೆ ಏನಾಗಿತ್ತು ನಿಂಗೆ?"

ಅವನು ಒಲೆಯಿಂದ ಕಣ್ಣು ತೆಗೆಯಲಿಲ್ಲ.

"ಬೀಗ ನೋಡಿದ ತಕ್ಷಣ ಗೊತ್ತಾಯ್ತು ಸೈಮಾ, ಅದು ನಂಗೇ ಹಾಕಿದ್ದು ಅಂತ. ಒಡ್ದಿದ್ರೆ, ನೀನು ಅಂದ್ಕೊಂಡಿದ್ದೇ ನಿಜ ಅಂತಾಗ್ತಿತ್ತು."