ಕೌದಿಯ ಮೂಲೆಗಿಟ್ಟ ಹೋಳಿಗೆ

ಯಶವಂತಪುರದ ರೈಲ್ವೆ ಗೇಟಿನ ಹಿಂದಿನ ವಠಾರದಲ್ಲಿ ಯಾರ ಮನೆಯ ಹಾಸಿಗೆ ಬಟ್ಟೆ ಹರಿದರೂ ಅದು ಕೊನೆಗೆ ಪಾರವ್ವನ ಬಾಗಿಲಿಗೆ ಬರುತ್ತಿತ್ತು. ಗದಗಿನ ಕಡೆಯಿಂದ ಗಂಡನ ಹಿಂದೆ ಬಂದವಳು. ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದ ಗಂಡ ತೀರಿಕೊಂಡ ಮೇಲೂ ಊರಿಗೆ ತಿರುಗಿ ಹೋಗಲಿಲ್ಲ. ನಡುವೆ ಸವೆದ ಚಾದರವನ್ನು ಉದ್ದಕ್ಕೆ ಸೀಳಿ, ಗಟ್ಟಿಯಿದ್ದ ಅಂಚುಗಳನ್ನು ನಡುವಿಗೆ ತಂದು ಹೊಲಿದುಕೊಟ್ಟರೆ ಅದು ಮತ್ತೊಂದಿಷ್ಟು ಕಾಲ ಬರುತ್ತಿತ್ತು. ಆಮೇಲೆ ದಿಂಬಿನ ಚೀಲ, ಆಮೇಲೆ ಕೈಬಟ್ಟೆ, ಕಡೆಗೆ ನೆಲ ಒರೆಸುವುದು. ಆದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿಗೆ ಸೇರಿದ ಬಟ್ಟೆಗೆ ಮತ್ತೆ ಕತ್ತರಿ ತಾಗಿಸಬಾರದು. ಅದು ಅವಳ ತವರಿನ ಕಟ್ಟುಪಾಡು.

ಮಗಳು ಚಂದ್ರವ್ವನಿಗೆ ಎರಡು ಸಲ ಬಸಿರು ಜಾರಿಹೋಗಿ, ಮೂರನೆಯದು ನಿಂತಿತ್ತು. ಬಾಣಂತನ ತಾನು ಮಾಡುತ್ತೇನೆಂದು ಕೇಳಲು ಪಾರವ್ವ ವಿದ್ಯಾರಣ್ಯಪುರಕ್ಕೆ ಹೋದಾಗ ಬೀಗಿತ್ತಿ ಗಂಗಾದೇವಿ ಕಾಫಿ ಕೊಟ್ಟು, ಒಂದೇ ಕೋಣೆ, ಬೀದಿ ನಲ್ಲಿ, ಮೇಲೆ ರೈಲಿನ ಹೊಗೆ, ಅಂಥಲ್ಲಿಗೆ ಹೇಗೆ ಕಳಿಸುವುದು ಎಂದಳು. ಚಂದ್ರವ್ವ ನೆಲ ನೋಡುತ್ತ ಕೂತಿದ್ದಳು. ಬಾಣಂತನ ಕೈತಪ್ಪಿತು. ಕೂಸಿನ ಮೈಕೆಳಗೆ ತಾನು ಹೊಲಿದ ಕೌದಿಯಾದರೂ ಇರಲಿ ಎಂದುಕೊಂಡು ಪಾರವ್ವ ಬಸ್ಸು ಹತ್ತಿದಳು.

ಮಕ್ಕಳು ಉಳಿದ ಮನೆಯಿಂದ ಹಳೆ ಬಟ್ಟೆ ಬೇಡಿ ತಂದು ಹಾಸಿದರೆ ಕೂಸು ಉಳಿಯುತ್ತದೆ ಎಂಬುದು ಅವಳ ಕಡೆಯವರ ನಂಬಿಕೆ. ಪಕ್ಕದ ಮನೆಯ ಜೈಬುನ್ನೀಸಾ ಏಳು ಹೆತ್ತು ಏಳನ್ನೂ ಉಳಿಸಿಕೊಂಡವಳು. ಪಾರವ್ವ ಸೆರಗೊಡ್ಡಿದಾಗ ಆಕೆ ಟ್ರಂಕಿನ ತಳದಿಂದ ನೀಲಿ ಚೌಕಳಿಯ ಚಾದರವೊಂದನ್ನು ತೆಗೆದಳು.

"ಎಲ್ಲಾ ಇದ್ರ ಮೇಲೇ ದೊಡ್ಡವಾದ್ವು ಪಾರಕ್ಕಾ. ಎಷ್ಟ್ ಒಗೆದ್ರೂ ಅಷ್ಟೇ, ಏಳು ಮಕ್ಕಳ ಉಚ್ಚೆ ಕುಡಿದದೆ ಇದು."

ಇಬ್ಬರೂ ನಕ್ಕರು. ಆ ಚಾದರ ಮೇಲಿನ ಪದರವಾಯಿತು. ಗಂಡನ ಹಳೆ ಧೋತರ, ತನ್ನ ಇಳಕಲ್ ಸೀರೆ ಒಳಗೆ ಸೇರಿದವು. ಕೂಸಿಗೆ ಗಂಟು ಒತ್ತಬಾರದೆಂದು ದಾರದ ಗಂಟುಗಳನ್ನೆಲ್ಲ ಪದರದೊಳಗೇ ಅಡಗಿಸಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿಗೆ ಉಣಿಸಬೇಕು, ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಅವಳ ಅವ್ವ ಯಾವಾಗಲೂ ಒಣಗಿದ ಜೋಳದ ರೊಟ್ಟಿಯ ಚೂರನ್ನೇ ಇಡುತ್ತಿದ್ದಳು. ಪಾರವ್ವನಿಗೆ ಮೊಮ್ಮಗುವಿನ ಕೌದಿಗೆ ಒಣ ರೊಟ್ಟಿ ಉಣಿಸಲು ಮನಸ್ಸು ಬರಲಿಲ್ಲ. ಹೋಳಿಗೆ ಮಾಡಿ ಒಂದು ಚೂರು ಇಟ್ಟು ಹೊಲಿದಳು.

ಹೆಣ್ಣು ಕೂಸು ಹುಟ್ಟಿ, ಉಳಿಯಿತು. ನಾಮಕರಣದ ದಿನ ಕೌದಿಯನ್ನು ತೊಟ್ಟಿಲಿಗೆ ಹಾಸಿ ಬಂದಳು.

ತಿಂಗಳು ಕಳೆದು ಮತ್ತೆ ಹೋದಾಗ ಹೊಸ್ತಿಲ ಮುಂದೆ ಕಾಲೊರೆಸಲು ಹಾಕಿದ್ದ ಬಟ್ಟೆ ನೀಲಿ ಚೌಕಳಿಯದಾಗಿತ್ತು. ಪಾರವ್ವ ಅದನ್ನು ತುಳಿಯದೆ ದಾಟಿದಳು. ಅಳಿಯನ ಸ್ಕೂಟರಿನ ಸೀಟಿನ ಮೇಲೆ ಇನ್ನೊಂದು ತುಂಡಿತ್ತು. ಒಳಗೆ ಒಲೆಯ ಪಕ್ಕ, ಬಿಸಿ ಪಾತ್ರೆ ಹಿಡಿಯಲು, ಅಂಗೈಯಗಲದ ಚೂರುಗಳು. ಹಳೆ ಬಟ್ಟೆಯಿಂದ ಏನೇನು ಮಾಡಬಹುದೆಂದು ವಾರಪತ್ರಿಕೆಯಲ್ಲಿ ಬಂದಿತ್ತಂತೆ. ಒಂದು ದಾರವನ್ನೂ ದಂಡ ಮಾಡಲಿಲ್ಲ ಎಂದು ಗಂಗಾದೇವಿ ಹೆಮ್ಮೆಯಿಂದ ತೋರಿಸಿ ಪೂಜೆಗೆ ಹೂ ಕೊಯ್ಯಲು ಹೋದಳು. ಕೂಸು ತೊಟ್ಟಿಲಲ್ಲಿ ರಬ್ಬರ್ ಶೀಟಿನ ಮೇಲೆ ಮಲಗಿತ್ತು.

ಚಂದ್ರವ್ವ ದನಿ ತಗ್ಗಿಸಿದಳು. "ಇರುವೆ ಮುತ್ಕೊಂಡಿತ್ತು ಕಣವ್ವ. ಮಗು ಬೆನ್ನೆಲ್ಲಾ ದದ್ದು. ಬಿಚ್ಚಿದ್ರೆ ಮೂಲೇಲಿ ಹೋಳಿಗೆ. ಯಾರಾದ್ರೂ ಹಾಸಿಗೆಗೆ ತಿಂಡಿ ತುಂಬ್ತಾರಾ ಅಂತ ಅತ್ತೆ ಕೇಳಿದ್ರು."

"ನೀ ಏನಂದಿ?"

"ನಂಗೇನೂ ಗೊತ್ತಿಲ್ಲ, ಅವ್ವಂಗೆ ವಯಸ್ಸಾಯ್ತು ಅಂದೆ."

ವಠಾರದಲ್ಲಿ ಹೊಲಿದ ಪ್ರತಿ ಕೌದಿಯ ಮೂಲೆಗೂ ಪುಟ್ಟ ಬೆರಳಿನಿಂದ ರೊಟ್ಟಿ ಚೂರು ತುರುಕಿ, ಉಣ್ಣು ಉಣ್ಣು ಎನ್ನುತ್ತಿದ್ದವಳು ಇದೇ ಚಂದ್ರವ್ವ. ಪಾರವ್ವ ತೊಟ್ಟಿಲಿಗೆ ಬಗ್ಗಿದಳು. ಕೂಸನ್ನು ಹೊರಳಿಸಿ ಬೆನ್ನು ನೋಡಿದಳು. ದದ್ದು ಮಾಯ್ದಿತ್ತು. ಹೋಳಿಗೆಯ ಬದಲು ರೊಟ್ಟಿ ಇಟ್ಟಿದ್ದರೆ, ಎಂದು ಮರಳುವ ಬಸ್ಸಿನಲ್ಲಿ ಒಂದೇ ಸಮನೆ ಅಂದುಕೊಂಡಳು. ಆಮೇಲೆ, ರೊಟ್ಟಿ ಸಿಕ್ಕಿದ್ದರೂ ಮಗಳು ಅದೇ ಮಾತು ಹೇಳುತ್ತಿದ್ದಳಲ್ಲವೇ ಎನಿಸಿತು.

ವಠಾರದ ನಲ್ಲಿಯ ಹತ್ತಿರ ಜೈಬುನ್ನೀಸಾ ಕೊಡ ಇಳಿಸಿ ಕೇಳಿದಳು. "ನಮ್ ಚಾದರದ ಮೇಲೆ ಚೆನ್ನಾಗ್ ಮಲಗ್ತದಾ ಕೂಸು?"

"ಮಲಗತೈತಿ," ಎಂದಳು ಪಾರವ್ವ.

ಆಕೆ ಹಿಗ್ಗಿ, ಎರಡನೆಯ ಕೂಸಿಗೂ ಇರಲಿ ಎಂದು ಆ ಚಾದರದ ಜೋಡಿಯನ್ನೂ ತಂದುಕೊಟ್ಟಳು. ಬೇಡ ಎನ್ನಲು ಪಾರವ್ವನಿಗೆ ಕಾರಣ ಹೇಳಬೇಕಾಗುತ್ತಿತ್ತು, ಇಸಿದುಕೊಂಡಳು.

ಅದನ್ನು ತನಗೇ ಹೊದೆಯಲು ಕೌದಿಯಾಗಿ ಹೊಲಿದಳು. ಕೊನೆಯ ಮೂಲೆಗೆ ಬಂದಾಗ ಬುಟ್ಟಿಯಲ್ಲಿ ರೊಟ್ಟಿ ಇತ್ತು. ಅವಳು ಏಳಲಿಲ್ಲ. ಖಾಲಿ ಮೂಲೆಯನ್ನು ಹಾಗೇ ಮಡಿಚಿ, ಹೊಲಿದು, ದಾರವನ್ನು ಹಲ್ಲಿನಿಂದ ಕಡಿದಳು.