ಹತ್ತು ಕುಳಿಗಳ ಮರದ ತುಂಡು

"ಏಳಾಯ್ತು ಮೇಡಂ. ಸಾಕು, ಕೊಡಿ."

ಸ್ಫೂರ್ತಿ ಎಂಟನೆಯ ಸಲ ಕೋವಿಯ ಟ್ರಿಗರಿನ ಕೆಳಗಿನ ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆದಳು. ಎರಡು ಸದ್ದು, ಒಂದು ದಪ್ಪ, ಒಂದು ತೆಳು. ಆಮೇಲೆ ನಿಂತಳು. ಕೋವಿ ಅವಳ ಕೈಯಲ್ಲಿತ್ತು, ಅದರ ಬಾಯಿ ನೆಲದ ಕಡೆಗಿತ್ತು. ಮೂರು ಬೆರಳು ಲಿವರಿನ ಕುಣಿಕೆಯೊಳಗೆ ಸೇರಿಕೊಂಡಿದ್ದವು. ಬೆರಳನ್ನು ಒಳಗೆ ತೂರಿಸಿದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ.

"ನಾನೇ ಎಳೆದ್ನಾ?" ಎಂದಳು.

"ಮತ್ಯಾರು, ನಾನಾ?" ಕಾಂತರಾಜ್ ನಕ್ಕರು. ಆದರೆ ಕೋವಿ ವಾಪಸು ತೆಗೆದುಕೊಳ್ಳುವಾಗ ಅದರ ಮರವನ್ನು ಮಾತ್ರ ಹಿಡಿದರು, ಕಬ್ಬಿಣವನ್ನು ಮುಟ್ಟಲಿಲ್ಲ.

ಶಿವಮೊಗ್ಗದ ಬಿ.ಎಚ್. ರಸ್ತೆಯಿಂದ ಒಳಗೆ ತಿರುಗುವ ಗಲ್ಲಿಯಲ್ಲಿ ಅವರದು ಕೋವಿ ಅಂಗಡಿ. ಒಂದು ಪಕ್ಕ ಜೆರಾಕ್ಸ್, ಇನ್ನೊಂದು ಪಕ್ಕ ಪಂಪ್‌ಸೆಟ್ ರಿಪೇರಿ. ಲೋಕಸಭೆ ಚುನಾವಣೆ ಬಂದಾಗ ಪೊಲೀಸರ ಆದೇಶದಂತೆ ಲೈಸೆನ್ಸ್ ಇದ್ದವರೆಲ್ಲ ಕೋವಿ ತಂದು ಇಲ್ಲಿ ಇಟ್ಟಿದ್ದರು. ಚುನಾವಣೆ ಮುಗಿದ ಮೇಲೆ ಒಬ್ಬೊಬ್ಬರೇ ಬಂದು ಒಯ್ದರು. ಸ್ಫೂರ್ತಿಯ ಅಪ್ಪ ಹಾಲಸ್ವಾಮಿ ಬರಲಿಲ್ಲ. ಕೋವಿ ಇಟ್ಟು ಭದ್ರಾವತಿಗೆ ಹೋದ ಮರುದಿನ ಬೆಳಿಗ್ಗೆ ಅವರು ಮನೆಯ ಹಜಾರದಲ್ಲಿ ಬಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಾತು ಹೋಯಿತು, ಬಲಭಾಗ ಪೂರ್ತಿ ಹೋಯಿತು. ಅದಾಗಿ ಆರು ತಿಂಗಳು.

ಇವತ್ತು ಅವಳು ಬಂದಿದ್ದು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸುವ ಅರ್ಜಿಗೆ ಸಹಿ ಹಾಕಲು. ಕಾಂತರಾಜ್ ಮೂರು ಸಲ ಫೋನ್ ಮಾಡಿದ್ದರು. ಲೈಸೆನ್ಸ್ ಪುಸ್ತಕ ತನ್ನಿ, ಮನೆಯಲ್ಲಿರುವ ಗುಂಡುಗಳನ್ನೂ ತನ್ನಿ, ಲೆಕ್ಕ ತೋರಿಸಬೇಕು ಎಂದಿದ್ದರು. ಅವಳು ರಜೆ ಹಾಕಿ, ಭದ್ರಾವತಿಯಲ್ಲಿ ಬಸ್ಸು ಹತ್ತಿ, ಮಲವಗೊಪ್ಪ ದಾಟುವಾಗಲೇ ಬಲಗೈ ಬೆರಳುಗಳನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಕೈ ಜೋಮು ಹಿಡೀತಾ?" ಎಂದು ಕೇಳಿದ್ದಳು.

ಅವಳಿಗೆ ಆ ಕೋವಿ ಬೇಕಿತ್ತು. ಅದನ್ನು ಅಮ್ಮನಿಗೂ ಹೇಳಿರಲಿಲ್ಲ.

ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಮಾಡಿದ ಕೋವಿ ಅದು. ಕಾಫಿ ತೋಟದ ಸಾಹುಕಾರರೊಬ್ಬರು ಒಳಗಿನ ಒಂದು ಚೂರು ಮುರಿದಿದೆ, ಎಲ್ಲೂ ಸಿಗುತ್ತಿಲ್ಲ ಎಂದು ಅಪ್ಪಾಜಿಯ ಹತ್ತಿರ ತಂದಿದ್ದರು. ಅಪ್ಪಾಜಿ ಕಬ್ಬಿಣದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವ ಟರ್ನರ್. ಆ ಚೂರನ್ನು ಮಾಡಲು ಹನ್ನೊಂದು ಭಾನುವಾರ ಕೂತರು. ಹನ್ನೆರಡನೆಯ ಭಾನುವಾರ ಸಾಹುಕಾರರಿಗೆ, "ಇದನ್ನ ನಂಗೇ ಕೊಟ್ಬಿಡಿ," ಎಂದರು. ಅವರ ಆಸೆ ನೋಡಿ ಸಾಹುಕಾರರು ಕೊಟ್ಟರು. ಲೈಸೆನ್ಸ್ ಬರಲು ಮತ್ತೆ ಎರಡು ವರ್ಷ ಹಿಡಿಯಿತು.

ಆ ಕೋವಿಯಿಂದ ಏನನ್ನೂ ಕೊಂದವರಲ್ಲ ಅವರು. ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿ, ಖಾಲಿ ಕೋವಿ ತೊಡೆಯ ಮೇಲಿಟ್ಟು ಲಿವರ್ ಆಡಿಸುವರು. ಹತ್ತು ಸಲ, ಇಪ್ಪತ್ತು ಸಲ. ಅಮ್ಮ ಒಳಗಿನಿಂದ, "ಶುರುವಾಯ್ತು ನೋಡು ನಿಮ್ಮಪ್ಪಾಜಿ ಮಿಷನ್ನು," ಎನ್ನುವಳು. ಸ್ಫೂರ್ತಿಯ ಹದಿನಾರನೆಯ ವಯಸ್ಸಿನಲ್ಲಿ, ಆಯುಧಪೂಜೆಯ ಮರುದಿನ, ದೊಡ್ಡಪ್ಪನ ಗದ್ದೆಯ ಮಣ್ಣಿನ ದಿಬ್ಬಕ್ಕೆ ಅವಳೂ ಒಂದು ಗುಂಡು ಹೊಡೆದಿದ್ದಳು. ಭುಜಕ್ಕೆ ಗುದ್ದಿದ ಪೆಟ್ಟು ಮರೆತುಹೋಗಿತ್ತು. ಲಿವರ್ ಕೆಳಗೆ ಬಂದಾಗ ಬಿಸಿ ಹಿತ್ತಾಳೆ ಕಣ್ಣ ಮುಂದೆ ಹಾರಿದ್ದು, ಮೇಲೆ ಹೋದಾಗ ಬಾಗಿಲು ಹಾಕಿದಂಥ ಆ ತೆಳು ಸದ್ದು, ಇಡೀ ಯಂತ್ರ ತನ್ನ ಮೂರು ಬೆರಳಿಗೆ ಹೊಂದಿಕೊಂಡದ್ದು, ಅದು ಮಾತ್ರ ಉಳಿದಿತ್ತು. ಈಗ ಅವಳು ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ಅಚ್ಚುಗಳ ಅಳತೆ ನೋಡುತ್ತಾಳೆ. ದಿನಕ್ಕೆ ನೂರಾರು ಕಬ್ಬಿಣದ ವಸ್ತು ಕೈಗೆ ಬರುತ್ತವೆ. ಯಾವುದೂ ಹಾಗೆ ಹೊಂದಿಕೊಂಡಿಲ್ಲ.

"ಡಬಲ್ ಬ್ಯಾರಲ್ ತಗೊಂಡು ನೋಡಿದವ್ರು ನೋಡಿ ಇಟ್ಬಿಡ್ತಾರೆ," ಎಂದರು ಕಾಂತರಾಜ್. "ಇದನ್ನ ಹಿಡಿದವ್ರು ಮಾತ್ರ ಇಡಲ್ಲ. ಲಿವರ್ ಎಳೀತಾನೇ ಇರ್ತಾರೆ. ನಾನು ಟೀ ತರಿಸಿ ಕೈ ಬಿಡಿಸ್ಬೇಕು."

"ಹಾಗಾದ್ರೆ ನಂಗೂ ಟೀ ತರಿಸಿ ಅಂಕಲ್."

ಅವರು ನಗಲಿಲ್ಲ. ಕೋವಿಯನ್ನು ಗೋಡೆಯ ಸಾಲಿಗೆ ಒಯ್ದು, ಉಳಿದ ನಾಲ್ಕು ಕೋವಿಗಳ ಪಕ್ಕ ಬಾಯಿ ಕೆಳಗಾಗಿ ನಿಲ್ಲಿಸಿದರು. ಎಣ್ಣೆ ಮರಕ್ಕೆ ಇಳಿಯಬಾರದು ಎಂದು ಅವರ ತಂದೆಯ ಕಾಲದಿಂದಲೂ ಹಾಗೇ ನಿಲ್ಲಿಸುವುದು. ಉದ್ದನೆಯ ಸರಪಳಿಯನ್ನು ಎಲ್ಲದರೊಳಗೂ ತೂರಿಸಿ ಬೀಗ ಹಾಕಿದರು. ಬೇರೆ ಕೋವಿಗಳಲ್ಲಿ ಸರಪಳಿ ಟ್ರಿಗರಿನ ಬಳೆಯೊಳಗೆ ಹೋಗಿತ್ತು. ಇದರಲ್ಲಿ ಲಿವರಿನ ಕುಣಿಕೆಯೊಳಗೆ.

"ಸಹಿ ಹಾಕೋ ಮುಂಚೆ ಒಂದು ನೋಡಿ. ಆಮೇಲೆ ನಾನು ಹೇಳಲಿಲ್ಲ ಅನ್ಬಾರ್ದು." ಗಡಿಯಾರ ನೋಡಿದರು. ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. "ಕೂತ್ಕೊಳ್ಳಿ. ಹೆಚ್ಚು ಹೊತ್ತಾಗಲ್ಲ."

ಹೊರಗೆ ಪಂಪ್‌ಸೆಟ್ಟಿನವನು ಯಾರಿಗೋ ಬೈಯುತ್ತಿದ್ದ. ಬಿಸಿಲು ಗಾಜಿನ ಮೇಜಿನ ಅರ್ಧಕ್ಕೆ ಬಂದಿತ್ತು. ಸ್ಫೂರ್ತಿ ಚೀಲದಿಂದ ಲೈಸೆನ್ಸ್ ಪುಸ್ತಕ ತೆಗೆದಳು.

ಸರಪಳಿ ಸದ್ದು ಮಾಡಿತು.

ಕೋವಿ ಅಲುಗಿರಲಿಲ್ಲ. ಲಿವರ್ ಮಾತ್ರ ನಿಧಾನವಾಗಿ ಬಿಚ್ಚಿಕೊಂಡು ಸರಪಳಿಯನ್ನು ಎಳೆಯಿತು, ಒಂದು ಕ್ಷಣ ಹಾಗೇ ನಿಂತಿತು, ಮತ್ತೆ ಮುಚ್ಚಿಕೊಂಡಿತು. ಒಂದು ದಪ್ಪ ಸದ್ದು, ಒಂದು ತೆಳು. ಮತ್ತೆ ಬಿಚ್ಚಿಕೊಂಡಿತು. ಉಳಿದ ನಾಲ್ಕು ಕೋವಿಗಳು ಸರಪಳಿಯ ಎಳೆತಕ್ಕೆ ಸಣ್ಣಗೆ ನಡುಗಿದವು.

"ಆರು ತಿಂಗಳಿಂದ," ಎಂದರು ಕಾಂತರಾಜ್. ಮೇಜಿನ ಹಿಂದೆ ನಿಂತೇ ಇದ್ದರು. "ಮೊದ್ಲು ಇಲಿ ಅಂದ್ಕೊಂಡೆ. ಇಲಿಗೆ ಅಷ್ಟು ಬಲ ಎಲ್ಲಿಂದ ಬರ್ಬೇಕು. ದಾರ ಕಟ್ಟಿದೆ, ಕಿತ್ಕೊಂತು. ದಿನಾ ಈ ಹೊತ್ತಿಗೆ ಜೋರು. ಮಧ್ಯಾಹ್ನ ಊಟದ ಹೊತ್ತಿಗೆ ನಿಲ್ಲುತ್ತೆ. ಯಾರಿಗೆ ಹೇಳ್ಲಿ ಮಾರಾಯ್ತಿ? ಅಂಗಡಿ ಲೈಸೆನ್ಸ್ ಹೋಗುತ್ತೆ."

ಮೇಡಂ ಹೋಗಿ ಮಾರಾಯ್ತಿ ಬಂದದ್ದು ಇಬ್ಬರ ಗಮನಕ್ಕೂ ಬರಲಿಲ್ಲ.

ಸ್ಫೂರ್ತಿ ಲಿವರನ್ನೇ ನೋಡುತ್ತಿದ್ದಳು. ಆ ವೇಗ ಅವಳಿಗೆ ಗೊತ್ತಿತ್ತು. ಕೆಳಗೆ ಹೋಗುವಾಗ ನಿಧಾನ, ಕೊನೆಯಲ್ಲಿ ಚೂರು ತಡೆ, ಮೇಲೆ ಬರುವಾಗ ಒಂದೇ ಎಳೆತ. ಮನೆಯ ಮಂಚದಲ್ಲಿ ಅಪ್ಪಾಜಿಯ ಸತ್ತ ಬಲಭಾಗದಲ್ಲಿ ಇನ್ನೂ ಆಡುವುದು ಆ ಕೈಯ ಮಣಿಕಟ್ಟು ಮತ್ತು ಮೂರು ಬೆರಳು ಮಾತ್ರ. ಬೆರಳು ಮಡಿಸಿ, ಮಣಿಕಟ್ಟು ಇಳಿಸಿ, ಮತ್ತೆ ಎತ್ತುವುದು. ಹನ್ನೊಂದರ ಸುಮಾರಿಗೆ, ಅಮ್ಮ ಮೈ ಒರೆಸಿ ಮಲಗಿಸಿದ ಮೇಲೆ, ಅದು ಜೋರಾಗುತ್ತದೆ. ಫಿಸಿಯೋಥೆರಪಿಯ ಮಲ್ಲಿಕ್ ಅದನ್ನು ನೋಡಿ, "ಇದು ಒಳ್ಳೇ ಲಕ್ಷಣ ಆಂಟಿ, ಇದು ನಿಲ್ಲದ ಹಾಗೆ ನೋಡ್ಕೊಳ್ಳಿ," ಎಂದು ಹೇಳಿ ಹೋಗಿದ್ದ. ಅಮ್ಮ ಬಸವರಾಜೇಶ್ವರಿ ಅಂದಿನಿಂದ ಆ ಕೈಯನ್ನು ದೇವರ ದೀಪದಂತೆ ಕಾಯುತ್ತಿದ್ದಳು.

ಅವಳು ಅಮ್ಮನಿಗೆ ವೀಡಿಯೋ ಕಾಲ್ ಮಾಡಿದಳು.

"ಸಹಿ ಆಯ್ತೇನೇ?" ಎಂದಳು ಅಮ್ಮ. ಪರದೆಯ ತುಂಬ ಅವಳ ಹಣೆ, ವಿಭೂತಿ.

"ಅಪ್ಪಾಜಿ ಕೈ ತೋರ್ಸಮ್ಮ."

"ಚೆನ್ನಾಗೇ ಆಡ್ತಿದೆ ಕಣೇ. ಇವತ್ತು ಇನ್ನೂ ಜೋರು."

"ತೋರ್ಸು."

ಫೋನು ತಿರುಗಿತು. ಹಸಿರು ಹೊದಿಕೆ, ಅದರ ಮೇಲೆ ಅಪ್ಪಾಜಿಯ ಕೈ. ಸ್ಫೂರ್ತಿ ಫೋನನ್ನು ಎತ್ತಿ, ಗೋಡೆಯ ಕೋವಿಯೂ ಪರದೆಯೂ ಒಟ್ಟಿಗೆ ಕಾಣುವಂತೆ ಹಿಡಿದಳು. ಲಿವರ್ ಬಿಚ್ಚಿಕೊಂಡಿತು. ಒಂದು ಕ್ಷಣದ ನಂತರ ಕೈ ಇಳಿಯಿತು. ಲಿವರ್ ಮುಚ್ಚಿಕೊಂಡಿತು. ಕೈ ಎದ್ದಿತು. ಪ್ರತಿ ಸಲವೂ ಮೊದಲು ಕೋವಿ, ಆಮೇಲೆ ಕೈ. ನೆಟ್‌ವರ್ಕ್ ತಡ, ಎಂದು ಅವಳು ತನಗೆ ಹೇಳಿಕೊಂಡಳು. ನೆಟ್‌ವರ್ಕ್ ತಡ ಅಷ್ಟೆ.

ಕಾಂತರಾಜ್ ಅವಳ ಭುಜದ ಮೇಲಿಂದ ನೋಡಿ ಹಿಂದೆ ಸರಿದರು. ಅವರಿಗೆ ಏನಾದರೂ ಮಾಡಬೇಕಿತ್ತು. ಲೈಸೆನ್ಸ್ ಪುಸ್ತಕ ಎಳೆದುಕೊಂಡು ಓದತೊಡಗಿದರು. "ಗುಂಡು ತಂದಿದೀರಲ್ಲ, ಕೊಡಿ. ಇದರಲ್ಲಿ ಉಳಿದಿರೋದು ಹತ್ತು ಅಂತ ಇದೆ."

ಅವಳು ಚೀಲದಿಂದ ಒಂದು ಮರದ ತುಂಡು ತೆಗೆದಿಟ್ಟಳು. ತೇಗದ ಮರ. ಅಪ್ಪಾಜಿ ಡ್ರಿಲ್ ಹಾಕಿ ಹತ್ತು ಕುಳಿ ಕೊರೆದು, ಕುಳಿಗೊಂದು ಗುಂಡು ನಿಲ್ಲಿಸಿದ್ದರು. ಇದರ ಗುಂಡು ಈಗ ಎಲ್ಲೂ ಸಿಗುವುದಿಲ್ಲವಾದ್ದರಿಂದ ವರ್ಷಗಳಿಂದ ಒಂದನ್ನೂ ಹೊಡೆದಿರಲಿಲ್ಲ.

ಕಾಂತರಾಜ್ ಬೆರಳಿಟ್ಟು ಎಣಿಸಿದರು. "ಒಂಬತ್ತಿದೆ. ಕೊನೇದು ಎಲ್ಲಿ?"

"ಬೆಳಿಗ್ಗೆ ಬೀರುವಿನಿಂದ ತೆಗೆದಾಗ್ಲೇ ಹೀಗಿತ್ತು. ಅಮ್ಮಾ, ಗುಂಡಿನ ಮರದ ತುಂಡು ಮುಟ್ಟಿದ್ಯಾ ನೀನು?"

"ನಾನ್ಯಾಕೆ ಮುಟ್ಲಿ?" ಎಂದಿತು ಫೋನು. "ಅವತ್ತು ಎತ್ತಿಟ್ಟಿದ್ದಷ್ಟೇ. ಬಿದ್ದಾಗ ನಿಮ್ಮಪ್ಪಾಜಿ ಕೈಲಿ ಅದೇ ಇತ್ತಲ್ಲ."

"ಬಿದ್ದಾಗ ಕೈಲಿತ್ತಾ? ಯಾಕೆ ಹೇಳ್ಲಿಲ್ಲ?"

"ಮನುಷ್ಯನೇ ಬಿದ್ದಿದ್ದಾನೆ, ಮರದ ತುಂಡಿನ ವಿಷ್ಯ ಹೇಳ್ಲಾ? ಬೆಳಿಗ್ಗೆ ಎದ್ದು ಬೀರು ತೆಗೆದ್ರು, ಅದನ್ನ ನೋಡಿದ್ರು, ಫೋನು ಎಲ್ಲಿ ಫೋನು ಎಲ್ಲಿ ಅಂದ್ರು. ಅಷ್ಟೇ."

"ಹಿಂದಿನ ದಿನ ಏನ್ ಮಾಡ್ತಿದ್ರು? ಕೋವಿ ಇಡೋಕೆ ಹೋಗೋ ಮುಂಚೆ?"

"ಹೊಸ ಸ್ಪ್ರಿಂಗ್ ಮಾಡಿ ಹಾಕಿದ್ರು. ಹಳೇದು ಬಿಗಿ ಇಲ್ಲ ಅಂತ ತಿಂಗಳಿಂದ ಅದೇ ಧ್ಯಾನ. ಒಂದು ಗುಂಡು ಹಾಕಿ ನೋಡ್ತೀನಿ ಅಂತ ಕೂತಿದ್ರು. ಅಷ್ಟೊತ್ತಿಗೆ ಸ್ಟೇಷನ್ನಿಂದ ಫೋನು, ಇವತ್ತು ಐದು ಗಂಟೆಯೊಳಗೆ ಇಡ್ಬೇಕು ಅಂತ. ಊಟಾನೂ ಮಾಡ್ದೆ ಓಡಿದ್ರು."

ಅಂಗಡಿಯಲ್ಲಿ ಸರಪಳಿ ಎಳೆದು ಸಡಿಲಾಯಿತು, ಎಳೆದು ಸಡಿಲಾಯಿತು.

ಕಾಂತರಾಜ್ ಮೆಲ್ಲನೆ ಕುರ್ಚಿಯಲ್ಲಿ ಕೂತರು. "ನಾನು ನೋಡಿದ್ದೆ. ಮೂರು ಸಲ ಲಿವರ್ ಎಳೆದು ನೋಡಿ ಖಾಲಿ ಅಂತ ಬರ್ಕೊಂಡೆ. ಬಾಯಿ ನೆಲಕ್ಕೆ ಹಿಡಿದೇ ಎಳೆದೆ. ಅಂಗಡಿ ರೂಲ್ಸು." ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ಎಷ್ಟು ಜನ ಹಿಡಿದಿದಾರೆ ಗೊತ್ತಾ ಇದನ್ನ? ಎಷ್ಟು ಜನ ಟ್ರಿಗರ್ ಒತ್ತಿದಾರೆ?"

ಸ್ಫೂರ್ತಿಗೆ ಅಪ್ಪಾಜಿಯ ಮಾತು ಕೇಳಿಸಿತು. ಗದ್ದೆಯಲ್ಲಿ, ಅವಳ ಹಿಂದೆ ನಿಂತು ಹೇಳಿದ್ದು. ಗುಂಡು ನಳಿಗೆಯ ಕೆಳಗಿನ ಸಣ್ಣ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗಿರ್ತವೆ ಪುಟ್ಟಿ, ಸ್ಪ್ರಿಂಗು ಅವನ್ನ ಹಿಂದಕ್ಕೆ ದೂಡಬೇಕು. ಇದರ ಸ್ಪ್ರಿಂಗು ನಾನು ಮಾಡಿದ್ದು, ನಂಬಬೇಡ. ಖಾಲಿ ಮಾಡುವಾಗ ಯಾವಾಗಲೂ ಬಾಯಿ ಆಕಾಶಕ್ಕೆ ಹಿಡಿ. ತಾನಾಗೇ ಜಾರಿ ಬರುತ್ತೆ.

ಆರು ತಿಂಗಳಿಂದ ಅವರು ಗುಂಡು ಹೊಡೆಯುತ್ತಿರಲಿಲ್ಲ. ತೆಗೆಯುತ್ತಿದ್ದರು. ಬಾಯಿ ಕೆಳಗಾಗಿ ನಿಂತ ಕೋವಿಯಿಂದ, ಹದಿನೇಳು ಹದಿನೆಂಟು ಕಿಲೋಮೀಟರ್ ದೂರದ ಮಂಚದಿಂದ, ಬಾರದ ಒಂದು ಗುಂಡನ್ನು.

"ಬೀಗ ತೆಗೀರಿ ಅಂಕಲ್."

ಅವರು ತೆಗೆದರು. ಅವಳು ಕೋವಿಯನ್ನು ಎತ್ತಿಕೊಂಡಳು. ಬೆರಳುಗಳು ತಾವಾಗಿಯೇ ಕುಣಿಕೆಯ ಕಡೆ ಹೋದವು. ಅವಳು ಅವನ್ನು ಹಿಂದಕ್ಕೆ ತಂದು, ಒಂದು ಕೈಯಿಂದ ಮರವನ್ನೂ ಇನ್ನೊಂದರಿಂದ ನಳಿಗೆಯನ್ನೂ ಹಿಡಿದು, ಬಾಯನ್ನು ಚಾವಣಿಗೆ ತಿರುಗಿಸಿದಳು.

ಒಳಗೆ ಏನೋ ಸರ್ರನೆ ಜಾರಿತು. ಭಾರವಾದ, ಚಿಕ್ಕ ವಸ್ತು.

ಲಿವರ್ ಕೆಳಗೆ ಬಂತು. ಅವಳು ಮುಟ್ಟಿರಲಿಲ್ಲ. ಮೇಲೆ ಹೋಯಿತು. ಈ ಸಲ ತೆಳು ಸದ್ದು ಬರಲಿಲ್ಲ. ಅದರ ಜಾಗದಲ್ಲಿ ತುಂಬಿದ ಬಾಯಿ ಮುಚ್ಚಿದಂಥ ಸದ್ದು ಬಂತು.

"ಒಳಗೆ ಕೂತ್ಕೊಂತು," ಎಂದು ಕಾಂತರಾಜ್ ಪಿಸುಗುಟ್ಟಿದರು. "ಟ್ರಿಗರ್ ಹತ್ರ ಬೆರಳು ತರ್ಬೇಡಿ. ಉಸಿರೂ ಬಿಡ್ಬೇಡಿ."

ಲಿವರ್ ನಿಂತಿತ್ತು. ಫೋನು ಮೇಜಿನ ಮೇಲೆ ಮಲಗಿತ್ತು, ಅದರಲ್ಲಿ ಕೈಯೂ ನಿಂತಿತ್ತು. ಆ ಕೈಗೂ ಗೊತ್ತಾಗಿತ್ತು ಎಂದು ಅವಳಿಗನ್ನಿಸಿತು. ಮೂರು ಬೆರಳು ನಡುಗಿದವು. ಆಮೇಲೆ ಲಿವರ್ ಬಹಳ ನಿಧಾನವಾಗಿ, ಆರು ತಿಂಗಳಲ್ಲಿ ಎಂದೂ ಇಲ್ಲದಷ್ಟು ನಿಧಾನವಾಗಿ ಕೆಳಗೆ ಬಂದು, ಹಿತ್ತಾಳೆಯ ಒಂದು ಗುಂಡನ್ನು ಹೊರಕ್ಕೆ ಎಸೆಯಿತು. ಅದು ಗಾಜಿನ ಮೇಲೆ ಬಿದ್ದು, ಉರುಳಿ, ಮರದ ತುಂಡಿಗೆ ತಗುಲಿ ನಿಂತಿತು.

ಲಿವರ್ ಬಿಚ್ಚಿಕೊಂಡೇ ಉಳಿಯಿತು.

"ಸ್ಫೂರ್ತೀ," ಎಂದು ಫೋನು ಕೂಗಿತು. "ಕೈ ನಿಂತೋಯ್ತು ಕಣೇ! ಬೆರಳೆಲ್ಲ ಬಿಚ್ಚಿಬಿಟ್ರು. ರೀ, ರೀ! ಏನ್ ಮಾಡಿದ್ರಿ ಅಲ್ಲಿ ನೀವಿಬ್ರೂ?"

"ಮುಖ ತೋರ್ಸಮ್ಮ."

ಅಪ್ಪಾಜಿಯ ಕಣ್ಣು ಮುಚ್ಚಿತ್ತು. ಎದೆ ಏರಿ ಇಳಿಯುತ್ತಿತ್ತು. ಆರು ತಿಂಗಳಿಂದ ಬಿಗಿದುಕೊಂಡಿದ್ದ ದವಡೆ ಸಡಿಲಾಗಿ ಬಾಯಿ ಅರ್ಧ ತೆರೆದಿತ್ತು. ಹಗಲಿನಲ್ಲಿ ಅವರು ಹೀಗೆ ನಿದ್ದೆ ಮಾಡಿದ್ದನ್ನು ಅವಳು ನೋಡಿರಲಿಲ್ಲ.

"ನಿದ್ದೆ ಮಾಡ್ತಿದಾರೆ ಅಮ್ಮಾ. ಗುಂಡು ಒಳಗಿತ್ತು. ಅದನ್ನ ತೆಗೀತಿದ್ರು ಇಷ್ಟು ದಿನ. ಈಗ ಬಂತು."

ಅಮ್ಮನಿಗೆ ಅರ್ಥವಾಯಿತೋ ಇಲ್ಲವೋ ಎಂದು ಸ್ಫೂರ್ತಿಗೆ ತಿಳಿಯಲಿಲ್ಲ.

"ಹಾಗಾದ್ರೆ ವಾಪಸ್ ಹಾಕು," ಎಂದಳು ಅಮ್ಮ. ದನಿ ಸ್ಪಷ್ಟವಾಗಿತ್ತು. "ಆ ಗುಂಡು ಎಲ್ಲಿತ್ತೋ ಅಲ್ಲೇ ಹಾಕು. ಆ ಕೈ ಆಡೋದೊಂದೇ ಉಳಿದಿತ್ತು ನಂಗೆ. ಅದೊಂದನ್ನ ನೋಡ್ಕೊಂಡು ಕೂತಿದ್ದೆ. ಮಲ್ಲಿಕ್ ಏನ್ ಹೇಳಿದಾನೆ ಗೊತ್ತಲ್ಲ? ಅದು ನಿಂತ್ರೆ ಎಲ್ಲಾ ನಿಂತ ಹಾಗೆ. ಕೋವಿ ನೀನೇ ಇಟ್ಕೋ, ನಾನು ಬೇಡ ಅನ್ನಲ್ಲ. ಅದನ್ನ ಒಳಗೆ ಹಾಕಿ ಬಾಯಿ ಕೆಳಗೆ ಮಾಡಿ ನಿಲ್ಸಿಬಿಡು. ನಿನ್ನ ಕಾಲಿಗೆ ಬೀಳ್ತೀನಿ ಪುಟ್ಟಿ."

ಕಾಂತರಾಜ್ ಗುಂಡನ್ನು ಎತ್ತಿಕೊಂಡಿದ್ದರು. ಅವರ ಹಣೆಯ ತುಂಬ ಬೆವರಿತ್ತು. ಆದರೂ ಅವರು ಗುಂಡನ್ನು ಗುಂಡು ತುಂಬಲು ಕೋವಿಯ ಮೈಯಲ್ಲೇ ಇದ್ದ ಸಣ್ಣ ಬಾಗಿಲಿನ ಹತ್ತಿರ ತಂದು ಹಿಡಿದರು. ವಯಸ್ಸಾದ ಹೆಂಗಸೊಬ್ಬಳು ಅಳುವುದನ್ನು ಕೇಳಲಾರದ ಮನುಷ್ಯ.

"ಒಂದು ನಿಮಿಷದ ಕೆಲ್ಸ," ಎಂದರು. "ನಾನು ಬೇರೆ ಕಡೆ ಇಡ್ತೀನಿ, ಯಾರಿಗೂ ಮುಟ್ಟೋಕೆ ಕೊಡಲ್ಲ. ನೀವು ಸಹಿ ಮಾಡಿ, ಲಿವರ್ ಮುಚ್ಚಿ. ಹಾಕ್ಲಾ?"

ಅವಳ ಮೂರು ಬೆರಳು ಯಾವಾಗಲೋ ಕುಣಿಕೆಯೊಳಗೆ ಸೇರಿದ್ದವು. ಕಬ್ಬಿಣ ಬೆಚ್ಚಗಿತ್ತು, ಅಪ್ಪಾಜಿಯ ಕೈಯಷ್ಟೇ ಬೆಚ್ಚಗೆ. ಅವಳು ಒಂದೊಂದಾಗಿ ಬೆರಳು ಹೊರಗೆ ತೆಗೆದು, ಬಿಚ್ಚಿದ ಕೋವಿಯನ್ನು ಗಾಜಿನ ಮೇಲೆ ಮಲಗಿಸಿದಳು. ಪರದೆಯಲ್ಲಿ ಅಪ್ಪಾಜಿಯ ಕೈ ಅಂಗೈ ಮೇಲಾಗಿ ಹೊದಿಕೆಯ ಮೇಲೆ ಬಿದ್ದಿತ್ತು, ಕೆಲಸ ಮುಗಿಸಿ ಬಂದವರ ಕೈಯಂತೆ.

"ಬೇಡ," ಎಂದಳು ಸ್ಫೂರ್ತಿ.